ಗಾಡಿಗೆ ‘ಥಂಡಿ’ ಎಂದರೆ ಚಳಿಯೋ, ಪಸೆಯೋ?

ನಮ್ಮ ಸಾಗರದ ಕಡೆ ‘ಥಂಡಿ’ ಎಂಬ ಒಂದೇ ಮಾತಿಗೆ ಎರಡು ಕೆಲಸ. ಚಳಿಗೂ ಥಂಡಿ, ಗಾಳಿಯಲ್ಲಿರುವ ಪಸೆಗೂ ಥಂಡಿ. ಮಳೆಗಾಲದಲ್ಲಿ ಬೆಂಕಿಪೊಟ್ಟಣ ಥಂಡಿ ಹಿಡಿಯುತ್ತದೆ, ಕಡ್ಡಿ ಗೀರಿದರೆ ಮದ್ದೇ ಕಿತ್ತು ಬರುತ್ತದೆ. ಗೋಡೆಯೂ ಥಂಡಿ, ಹಾಸಿಗೆಯೂ ಥಂಡಿ. ಮನೆಯಲ್ಲಿ ಇದರಿಂದ ಯಾರಿಗೂ ಗೊಂದಲ ಆಗಿದ್ದಿಲ್ಲ. ನನಗೆ ಆಗಿದ್ದು ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ.

ನನ್ನದು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಹಳೇ ಮಾರುತಿ 800. ಪುನರ್ವಸು ಮಳೆ ಹಿಡಿಯಿತೆಂದರೆ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸ್ಟಾರ್ಟ್ ಆದರೂ ಮಿಸ್ಸಿಂಗ್ ಹೊಡೆಯುತ್ತದೆ, ಅಂದರೆ ಸಿಲಿಂಡರಿನಲ್ಲಿ ನಡುನಡುವೆ ಉರಿ ಹೊತ್ತುವುದು ತಪ್ಪುತ್ತದೆ, ಏರಿನಲ್ಲಿ ಪಿಕಪ್ ಇರುವುದಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏನೂ ಆಗಿಲ್ಲವೇನೋ ಎಂಬಂತೆ ಓಡುತ್ತದೆ. ‘ಥಂಡಿಗೆ ಹೀಗಾಗುತ್ತದೆ’ ಎಂದೆ. ಮೆಕ್ಯಾನಿಕ್ ಚಳಿ ಎಂದುಕೊಂಡರು. ಅಲ್ಲಿ ಥಂಡಿ ಎಂದರೆ ಮೊದಲು ಹೊಳೆಯುವುದು ಅದೇ ಅಲ್ವಾ. ಚಳಿಯಲ್ಲಿ ಸ್ಟಾರ್ಟ್ ಆಗಲೆಂದು ಎಳೆಯುವ ಚೋಕಿನ ಕೇಬಲ್ ಸರಿಮಾಡಿ, ಕಾರ್ಬುರೇಟರ್ ಬಿಚ್ಚಿ ತೊಳೆದು ಕೊಟ್ಟರು. ಮುಂದಿನ ವಾರ ಮಳೆ ಬಂತು, ಗಾಡಿ ಮತ್ತೆ ಹಾಗೇ.

ಎರಡನೇ ಸಲ ಹೋದಾಗ ‘ಡಿಸೆಂಬರ್ ಚಳಿಯಾಗ ಹೆಂಗ್ರಿ?’ ಎಂದು ಕೇಳಿದರು. ಆಗ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ ಎಂದೆ. ‘ಹಂಗಾರ ಥಂಡಿ ಅಲ್ರೀ, ಹಸಿ!’ ಎಂದವರೇ, ಕಿಡಿ ಹಾರಿಸುವ ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿಗೆ ಕೈ ಹಾಕಿದರು. ಕ್ಯಾಪಿನ ಒಳಗೆ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಕೂರುವ ಹಾಗೆ, ಸಣ್ಣ ಸಣ್ಣ ಹನಿ. ಎರಡು ಪಾಯಿಂಟುಗಳ ನಡುವೆ ಕೂದಲೆಳೆಯಂಥ ಕಪ್ಪು ಗೆರೆ. ‘ಕರೆಂಟ್ ಇಲ್ಲೇ ದಾರಿ ಮಾಡ್ಕೊಂಡೈತ್ರಿ’ ಎಂದರು. ಪ್ಲಗ್ಗಿಗೆ ಹೋಗಬೇಕಾದ ಸಾವಿರಾರು ವೋಲ್ಟ್ ಕರೆಂಟು ಪಸೆ ಹಿಡಿದು ಸೋರಿಹೋಗುತ್ತಿತ್ತು. ಆ ದಾರಿ ಸುಟ್ಟು ಗೆರೆಯಾದ ಮೇಲೆ ಬಟ್ಟೆಯಲ್ಲಿ ಒರೆಸಿದರೂ ಅಷ್ಟಕ್ಕಷ್ಟೇ, ಕ್ಯಾಪನ್ನೇ ಬದಲಿಸಬೇಕು. ಪ್ಲಗ್ ವೈರುಗಳೂ ಬಿರುಕು ಬಿಟ್ಟಿದ್ದವು. ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗಲೇ ಅವುಗಳ ಮೇಲೆ ಸ್ಪ್ರೇ ಬಾಟಲಿಯಿಂದ ಒಂಚೂರು ನೀರು ಹೊಡೆದರು. ನೀಲಿ ಕಿಡಿ ಚಿಟಿಚಿಟಿ ಎಂದು ವೈರಿನ ಮೇಲೇ ಹರಿದಾಡಿತು. ನನ್ನನ್ನು ದೂರ ನಿಲ್ಲಿಸಿದ್ದರು. ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ.

ಹಳೇ ಗಾಡಿ ಇಟ್ಟುಕೊಂಡಿರುವ ಗೆಳೆಯರಿಗಾಗಿ ಇದನ್ನೆಲ್ಲ ಬರೆದಿಡುತ್ತಿದ್ದೇನೆ. ‘ಥಂಡಿ’ಯನ್ನು ಅದರಲ್ಲಿ ಕೈಬಿಟ್ಟೆ. ‘ಒದ್ದೆ’ ಎಂದರೆ ಕೈಗೆ ನೀರು ತಾಗಬೇಕು. ‘ತೇವ’ ಪರವಾಗಿಲ್ಲ. ನನಗೆ ಹಿಡಿಸಿದ್ದು ‘ಪಸೆ’. ಬಾಯಿಯ ಪಸೆ ಆರಿತು ಎನ್ನುತ್ತೇವಲ್ಲ, ಕಣ್ಣಿಗೆ ಬಿದ್ದೂ ಬೀಳದಷ್ಟು ತೆಳುವಾದ ನೀರು ಅದು. ಕ್ಯಾಪ್ ಕೆಡಿಸುವುದೂ ಅಂಥದೇ. ಆದರೆ ಈಗಿನ ಹುಡುಗರಿಗೆ ಪಸೆ ಎಂದರೆ ಅರ್ಥವಾಗುತ್ತದೆಯೇ? ಹುಬ್ಬಳ್ಳಿಯ ‘ಹಸಿ’ ಎಲ್ಲ ಕಡೆ ನಡೆಯುತ್ತದೆಯೇ? ನನ್ನ ಕಿವಿಗೆ ಹಸಿ ಎಂದರೆ ಬೇಯದ ತರಕಾರಿಯೇ ಮೊದಲು ನೆನಪಾಗುತ್ತದೆ. ಮಂಗಳೂರು, ಮೈಸೂರು, ಕಲಬುರಗಿ ಕಡೆಯವರು ಏನೆನ್ನುತ್ತೀರಿ?

ಇನ್ನೊಂದು ಮಾತು ‘ಮಿಸ್ಸಿಂಗ್’. ಇಲ್ಲಿ ನಾನು ಜಾಸ್ತಿ ಸಿಕ್ಕಿಕೊಂಡಿದ್ದೇನೆ. ಮಿಸ್ಸಿಂಗಿನಲ್ಲಿ ಎರಡು ಬಗೆ ಇದೆ. ಈ ಎಂಜಿನ್ನಿಗೆ ಮೂರೇ ಸಿಲಿಂಡರ್. ಒಂದು ಸತ್ತರೆ, ತನ್ನ ಸರದಿ ಬಂದಾಗಲೆಲ್ಲ ಅದೊಂದೇ ತಪ್ಪುತ್ತದೆ. ಗಾಡಿ ಒಂದೇ ಸಮನೆ ಕುಂಟುತ್ತದೆ. ಆಗ ಮೊದಲು ನೋಡಬೇಕಾದ್ದು ಆ ಸಿಲಿಂಡರಿನ ಪ್ಲಗ್ಗು, ಅದರ ವೈರು. ಹೊತ್ತಿಲ್ಲ ಗೊತ್ತಿಲ್ಲ ಎಂಬಂತೆ ತಪ್ಪಿದರೆ ಅದು ಕುಂಟುವುದಲ್ಲ, ಮುಗ್ಗರಿಸುವುದು. ಆಗ ಮೂರಕ್ಕೂ ಸೇರಿದ ಕ್ಯಾಪು, ಅದರೊಳಗೆ ತಿರುಗುವ ರೋಟರ್, ಆ ಸಾವಿರಾರು ವೋಲ್ಟ್ ಹುಟ್ಟಿಸುವ ಕಾಯಿಲ್ ಕಡೆ ಹೋಗಬೇಕು. ಕಿವಿಗೆ ಚೆನ್ನಾಗಿ ಗೊತ್ತಾಗುವ ಈ ವ್ಯತ್ಯಾಸ ‘ಮಿಸ್ಸಿಂಗ್’ ಎಂದರೆ ಸುಮ್ನೆ ಕಳೆದುಹೋಗುತ್ತದೆ. ಹಾಗಾಗಿ ‘ಕುಂಟು’, ‘ಮುಗ್ಗರಿಸು’ ಎಂದು ಬೇರೆ ಬೇರೆಯಾಗಿ ಬರೆಯಲೇ? ಗ್ಯಾರೇಜಿನಲ್ಲಿ ಇವಕ್ಕೆ ಆಗಲೇ ಬೇರೆ ಹೆಸರು ಇದ್ದರೆ ನನಗೆ ಅದೇ ಬೇಕು. ಗಾಡಿ ಕೆಲಸ ಮಾಡುವವರು, ಮಾಡುವವರ ಮನೆಯವರು, ನಿಮ್ಮ ಬಾಯಲ್ಲಿ ಬರುವ ಮಾತನ್ನು ಊರಿನ ಹೆಸರಿನ ಜೊತೆ ತಿಳಿಸಿ.