8 ಬಿಟ್ ಎಕ್ಸ್‌ನಲ್ಲಿ ಬಣ್ಣ ಖಾಲಿ, ಏನು ಮಾಡಲಿ?

ಹಳೇಪೆಟ್ಟಿಗೆ:
ಹಳೆಯ ಯುನಿಕ್ಸ್ ಮೆಷಿನ್ ಒಂದನ್ನು ಮತ್ತೆ ಓಡಿಸುತ್ತಿದ್ದೇನೆ. ಎಕ್ಸ್ (ಯುನಿಕ್ಸ್‌ನಲ್ಲಿ ಪರದೆ ಮೇಲೆ ವಿಂಡೋ ತೋರಿಸುವ ವ್ಯವಸ್ಥೆ) 8 ಬಿಟ್‌ನಲ್ಲಿದೆ. ಬ್ರೌಸರ್ ತೆರೆದ ಮೇಲೆ ಬೇರೆ ಯಾವ ಪ್ರೋಗ್ರಾಂ ಶುರು ಮಾಡಿದರೂ ಕಲರ್‌ಮ್ಯಾಪ್ (ಬಣ್ಣಗಳ ಪಟ್ಟಿ) ಎಂಟ್ರಿ ಸಿಗಲಿಲ್ಲ ಅಂತ ಎರರ್ ಬರುತ್ತದೆ, ಐಕಾನ್‌ಗಳೆಲ್ಲ ಕಪ್ಪು. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆಯಾ?

ಪಿಕ್ಸೆಲ್‌ಪುಟ್ಟ:
ಕಾರ್ಡ್ ಚೆನ್ನಾಗಿಯೇ ಇದೆ. 8 ಬಿಟ್ ಅಂದರೆ ಒಟ್ಟು 256 ಬಣ್ಣಗಳಿಗೆ ಜಾಗ, ಅದನ್ನೇ ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳಬೇಕು, ಮೊದಲು ಬಂದವರು ಬಸ್ ಸೀಟಿಗೆ ಟವಲ್ ಹಾಕಿದ ಹಾಗೆ ಹಿಡಿದುಕೊಂಡು ಬಿಡುತ್ತಾರೆ. ನಿಮ್ಮ ಬ್ರೌಸರ್ ನೆಟ್‌ಸ್ಕೇಪ್ ಆಗಿದ್ದರೆ ಶುರು ಮಾಡುವ ಕಮಾಂಡ್ ಜೊತೆ ‘-ಎನ್‌ಕೋಲ್ಸ್ 64’ (-ncols 64) ಕೊಟ್ಟು ನೋಡಿ, ಚಿತ್ರಗಳಿಗೆ ಕಡಿಮೆ ಬಣ್ಣ ಬಳಸುತ್ತದೆ.

ಟರ್ಮಿನಲ್‌ತಾತ:
ಅದರ ಬದಲು ‘-ಇನ್‌ಸ್ಟಾಲ್’ (-install) ಕೊಟ್ಟರೆ ನೆಟ್‌ಸ್ಕೇಪ್‌ಗೇ ಸ್ವಂತ ಕಲರ್‌ಮ್ಯಾಪ್ ಸಿಗುತ್ತದೆ. ಆದರೆ ಮೌಸ್ ಆ ವಿಂಡೋಗೆ ಹೋದಾಗಲೆಲ್ಲ ಉಳಿದದ್ದರ ಬಣ್ಣ ಹುಚ್ಚುಹುಚ್ಚಾಗಿ ಬದಲಾಗುತ್ತದೆ, ನನಗಂತೂ ಆಗಲ್ಲಪ್ಪ. ಮೊದಲು ವಾಲ್‌ಪೇಪರ್ ತೆಗೆದು ಸುಮ್ನೆ ಒಂದೇ ಬಣ್ಣ ಹಾಕಿ. ವಾಲ್‌ಪೇಪರ್ ಕೂಡ ಬಣ್ಣಗಳ ಜಾಗ ಜಾಸ್ತಿ ತಿನ್ನುತ್ತದೆ.

ಹಳೇಪೆಟ್ಟಿಗೆ:
ವಾಲ್‌ಪೇಪರ್ ತೆಗೆದೆ, ಐಕಾನ್ ಬಂದವು! ಜಾಸ್ತಿ ಬಣ್ಣ ಸಿಗುವ 16 ಬಿಟ್‌ಗೆ ಹೋಗಬಹುದಾ? ಕಾರ್ಡಿನಲ್ಲಿ 1 ಎಂಬಿ ಮೆಮೊರಿ ಮಾತ್ರ ಇದೆ.

ಪಿಕ್ಸೆಲ್‌ಪುಟ್ಟ:
1024×768 ರೆಸಲ್ಯೂಷನ್‌ನಲ್ಲಿ ಆಗಲ್ಲ, ಒಂದೂವರೆ ಎಂಬಿ ಬೇಕು. 800×600ಕ್ಕೆ ಇಳಿಸಿದರೆ 1 ಎಂಬಿಯಲ್ಲೇ ಹಿಡಿಯುತ್ತದೆ. ಕಾರ್ಡ್ ಒಪ್ಪಿದರೆ ಅದನ್ನೇ ಮಾಡಿ.