ಬೋರ್ ನೀರಿನ ರಿಪೋರ್ಟ್ ಬಂದಿದೆ: ಫ್ಲೋರೈಡ್ 2.3, ಕ್ಷಾರತೆ 410. ಕುಡಿಯೋಕೆ, ದಾಳಿಂಬೆಗೆ ಆಗುತ್ತಾ?

ಕೆಂಪುಮಣ್ಣು (ಪ್ರಶ್ನೆ)

ಪಾವಗಡ ತಾಲ್ಲೂಕು, 850 ಅಡಿ ಬೋರ್. ಮನೆಗೂ ಇದೇ ನೀರು, ಎರಡು ಎಕರೆ ದಾಳಿಂಬೆಗೂ (ಡ್ರಿಪ್) ಇದೇ. ರಿಪೋರ್ಟ್ ಹೀಗಿದೆ: ಪಿಎಚ್ 8.1, ಇಸಿ (ನೀರಲ್ಲಿ ಕರೆಂಟ್ ಹರಿಯೋ ಅಳತೆ) 1.3, ಟಿಡಿಎಸ್ (ಕರಗಿರೋ ಒಟ್ಟು ಲವಣ) 830, ಒಟ್ಟು ಗಡಸುತನ 190, ಒಟ್ಟು ಕ್ಷಾರತೆ 410, ಕ್ಲೋರೈಡ್ 110, ಸಲ್ಫೇಟ್ 38, ನೈಟ್ರೇಟ್ 62, ಫ್ಲೋರೈಡ್ 2.3. ಪಿಎಚ್, ಇಸಿ ಬಿಟ್ಟು ಉಳಿದದ್ದೆಲ್ಲ ಲೀಟರಿಗೆ ಮಿ.ಗ್ರಾಂ.

ನೀರು ಬಾಯಿಗೆ ಸಿಹಿ, ಸೋಪು ಚೆನ್ನಾಗಿ ನೊರೆ ಬರುತ್ತೆ. ಟಿಡಿಎಸ್ 2000ದೊಳಗೆ ಇದ್ದರೆ ಪರವಾಗಿಲ್ಲ ಅಂತಾರೆ, ನಿಜವಾ? ಕಾಯಿಸಿ ಕುಡಿದರೆ ಸಾಕಾ? ದಾಳಿಂಬೆ ಬುಡದ ಮಣ್ಣು ಬಿಗಿಯಾಗ್ತಿದೆ, ಅದಕ್ಕೂ ನೀರಿಗೂ ಸಂಬಂಧ ಇದೆಯಾ? ಸ್ಯಾಂಪಲ್ ಹಿಡಿದದ್ದು ಮೇಲಿನ ಟ್ಯಾಂಕಿನ ನಲ್ಲಿಯಿಂದ. ಮತ್ತೆ ಟೆಸ್ಟ್ ಮಾಡಿಸಬೇಕಾ?

ನೀರ್ಗಂಟಿ

ಕುಡಿಯೋದಕ್ಕೆ ಈ ನೀರು ಬೇಡ. ಅಡಿಗೆಗೂ ಬೇಡ, ಅನ್ನ, ಬೇಳೆ, ಮುದ್ದೆ ಎಲ್ಲದರ ಜೊತೆ ನೀರು ಹೊಟ್ಟೆಗೇ ಹೋಗುತ್ತಲ್ಲ.

ಐಎಸ್ 10500 (ಕುಡಿಯೋ ನೀರಿನ ಭಾರತೀಯ ಮಾನದಂಡ) ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರ ತನಕ. ನೈಟ್ರೇಟಿಗೆ 45, ಅದಕ್ಕೆ ಯಾವ ಸಡಿಲಿಕೆಯೂ ಇಲ್ಲ. ನಿಮ್ಮದು ಎರಡರಲ್ಲೂ ದಾಟಿದೆ. ಟಿಡಿಎಸ್ 2000 ಅನ್ನೋದೂ ಬೇರೆ ಮೂಲ ಇಲ್ಲದಾಗಿನ ಮಿತಿ, ಬೇಕಾದ್ದು 500. ಹೇಗಿದ್ದರೂ ಟಿಡಿಎಸ್ ಮೀಟರ್ ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅನ್ನೋದನ್ನ, ಆ ಅಂಕಿಯನ್ನ 0.5ರಿಂದ 0.7ರ ನಡುವಿನ ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತೆ. 830ರಲ್ಲಿ 2 ಮಿ.ಗ್ರಾಂ ಫ್ಲೋರೈಡ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ.

ಕಾಯಿಸಿದರೆ ರೋಗಾಣು ಸಾಯುತ್ತೆ, ಅಷ್ಟೇ. ನೀರು ಆವಿಯಾಗಿ ಫ್ಲೋರೈಡ್, ನೈಟ್ರೇಟ್ ಎರಡೂ ಇನ್ನಷ್ಟು ಗಟ್ಟಿಯಾಗ್ತವೆ. ಮನೇಲಿ ಆರು ತಿಂಗಳೊಳಗಿನ ಮಗು ಇದ್ದು ಬಾಟಲಿ ಹಾಲು ಕಲಸ್ತಿದ್ದರೆ ಇವತ್ತೇ ನಿಲ್ಲಿಸಿ, ನೈಟ್ರೇಟ್ ರಕ್ತದಲ್ಲಿ ಆಮ್ಲಜನಕ ಸಾಗೋದನ್ನೇ ತಡೆಯುತ್ತೆ.

ಫಿಲ್ಟರ್ ವಿಷಯ: ಫ್ಲೋರೈಡ್ ಒಂದೇ ಇದ್ದಿದ್ದರೆ ಆಕ್ಟಿವೇಟೆಡ್ ಅಲ್ಯುಮಿನಾ ನೋಡಬಹುದಿತ್ತು. ಆದರೆ ಅದು ನೈಟ್ರೇಟ್ ಹಿಡಿಯಲ್ಲ, ಕ್ಷಾರತೆ 400 ದಾಟಿದ ನೀರಲ್ಲಿ ಬೇಗ ಸೋತು ಹೋಗುತ್ತೆ. ಆರ್‌ಓ ಅಥವಾ ಊರಿನ ಶುದ್ಧ ನೀರಿನ ಘಟಕವೇ ದಾರಿ. ಸೂರಿನ ಮಳೆನೀರು ಹಿಡಿಯೋಕೆ ಅನುಕೂಲ ಇದ್ದರೆ ಅದಕ್ಕಿಂತ ಒಳ್ಳೇದಿಲ್ಲ, ಮೊದಲ ಮಳೆ ಹೊರಗೆ ಬಿಟ್ಟು ಆಮೇಲೆ ತುಂಬಿಸಿ.

ನೈಟ್ರೇಟ್ 62 ಅಂದ್ರೆ ಹತ್ತಿರದಲ್ಲಿ ತಿಪ್ಪೆ, ಶೌಚದ ಗುಂಡಿ ಅಥವಾ ಜಾಸ್ತಿ ಗೊಬ್ಬರ ಬಿದ್ದ ಹೊಲ ಇರಬಹುದು. ಕೇಸಿಂಗ್ (ಬೋರಿನ ಮೇಲ್ಭಾಗದ ಪೈಪು) ಸುತ್ತ ಮಣ್ಣು ಕುಸಿದಿದೆಯಾ ನೋಡಿ. ಅಲ್ಲಿಂದ ಇಳಿಯೋದು ನೈಟ್ರೇಟ್ ಮಾತ್ರ ಅಲ್ಲ, ಬ್ಯಾಕ್ಟೀರಿಯಾ ಟೆಸ್ಟೂ ಮಾಡಿಸಿ. ನಿಮ್ಮ ರಿಪೋರ್ಟಿನಲ್ಲಿ ಅದು ಇಲ್ಲ.

ಹನಿ_ನೀರಾವರಿ

ಮಣ್ಣು ಬಿಗಿಯಾಗೋದಕ್ಕೆ ಕಾರಣ ಈ ರಿಪೋರ್ಟಿನಲ್ಲೇ ಇದೆ. ಕ್ಷಾರತೆಯಿಂದ ಗಡಸುತನ ಕಳೆದು 50ರಿಂದ ಭಾಗಿಸಿ: (410 − 190) ÷ 50 = 4.4. ಇದೇ ಆರ್‌ಎಸ್‌ಸಿ, ಅಂದ್ರೆ ಉಳಿಕೆ ಸೋಡಿಯಂ ಕಾರ್ಬೊನೇಟ್, ಲೀಟರಿಗೆ ಮಿಲಿ ಈಕ್ವಿವಲೆಂಟ್ (ಬೇರೆಬೇರೆ ಲವಣಗಳನ್ನ ಒಂದೇ ಅಳತೆಗೆ ತರೋ ಮಾನ) ಲೆಕ್ಕದಲ್ಲಿ. 1.25 ಒಳಗಿದ್ದರೆ ಸಲೀಸು, 2.5 ದಾಟಿದರೆ ನೀರಾವರಿಗೆ ತೊಂದರೆ. ಇಸಿ 1.3 ದಾಳಿಂಬೆ ತಡ್ಕೊಳ್ಳುತ್ತೆ. ಹಾಳು ಮಾಡ್ತಿರೋದು ಉಪ್ಪಿನ ಪ್ರಮಾಣ ಅಲ್ಲ, ಉಪ್ಪಿನ ಜಾತಿ. ಬೈಕಾರ್ಬೊನೇಟ್ ಮಣ್ಣಲ್ಲಿರೋ ಸುಣ್ಣದಂಶವನ್ನ ಗಟ್ಟಿ ಮಾಡಿ ಕೂರಿಸುತ್ತೆ, ಆ ಜಾಗಕ್ಕೆ ಸೋಡಿಯಂ ಬರುತ್ತೆ, ಜೇಡಿಕಣ ಬಿಡಿಬಿಡಿಯಾಗಿ ರಂಧ್ರ ಮುಚ್ಚುತ್ತೆ, ನೀರು ಇಂಗಲ್ಲ.

ನಿಮ್ಮ ಕಡೆ ನೀರಲ್ಲಿ ಫ್ಲೋರೈಡ್ ಮತ್ತು ಆರ್‌ಎಸ್‌ಸಿ ಜೊತೆಜೊತೆಗೆ ಏರೋದೂ ಇದರಿಂದಲೇ. ಕ್ಯಾಲ್ಸಿಯಂ ಚೆನ್ನಾಗಿದ್ದರೆ ಗ್ರಾನೈಟ್ ಕಲ್ಲಿನಿಂದ ಬರೋ ಫ್ಲೋರೈಡನ್ನ ಒಂದು ಮಟ್ಟದಲ್ಲಿ ಕಟ್ಟಿಹಾಕುತ್ತೆ. ಕ್ಯಾಲ್ಸಿಯಂ ಕಮ್ಮಿಯಾದ, ಸೋಡಾ ಜಾಸ್ತಿಯಾದ ನೀರಲ್ಲಿ ಅದು ಹಾಗೇ ಉಳಿಯುತ್ತೆ. ನೊರೆ ಚೆನ್ನಾಗಿ ಬರೋ ಸಿಹಿ ನೀರು ಅಂತ ನಂಬಬೇಡಿ, ಪಾವಗಡ ಸೀಮೆಯಲ್ಲಿ ಅಂಥ ನೀರನ್ನೇ ಮೊದಲು ಅನುಮಾನಿಸಬೇಕು.

ಪರಿಹಾರ ಜಿಪ್ಸಂ. 1 ಆರ್‌ಎಸ್‌ಸಿ ಇಳಿಸೋಕೆ ಲೀಟರಿಗೆ 86 ಮಿ.ಗ್ರಾಂ ಶುದ್ಧ ಜಿಪ್ಸಂ ಬೇಕು. 4.4ನ್ನ 2.5ಕ್ಕೆ ತರೋಕೆ 1.9 × 86 = 163 ಮಿ.ಗ್ರಾಂ. ಶೇ 80 ಶುದ್ಧತೆಯ ಮಾಲಾದರೆ ಒಂದು ಲಕ್ಷ ಲೀಟರ್ ನೀರಿಗೆ ಸುಮಾರು 20 ಕೆ.ಜಿ. 600 ಗಿಡ, ದಿನಕ್ಕೆ ಗಿಡಕ್ಕೆ 30 ಲೀಟರ್ ಬಿಡ್ತೀರಿ ಅಂದ್ಕೊಂಡರೆ ಮೂರು ತಿಂಗಳಿಗೊಮ್ಮೆ ಗಿಡಕ್ಕೆ ಅರ್ಧ ಕೆ.ಜಿ. ಮೇಲೆ ಸ್ವಲ್ಪ. ಡ್ರಿಪ್ಪರ್ ತೊಟ್ಟಿಕ್ಕೋ ಜಾಗದಲ್ಲೇ ಹಾಕಿ ಮೇಲ್ಮಣ್ಣಿಗೆ ಕೆದಕಿ, ಒಣ ಜಾಗದಲ್ಲಿ ಬಿದ್ದರೆ ಕರಗಲ್ಲ. ಇದಕ್ಕೂ ಮುಂಚೆ ಮಣ್ಣಿನ ಪಿಎಚ್, ವಿನಿಮಯ ಸೋಡಿಯಂ (ಜೇಡಿಕಣಕ್ಕೆ ಅಂಟಿರೋ ಸೋಡಿಯಂ) ಕೃಷಿ ವಿಜ್ಞಾನ ಕೇಂದ್ರದಲ್ಲಿ ನೋಡಿಸಿ. ಮಣ್ಣಲ್ಲಿ ಆಗಲೇ ಸೋಡಿಯಂ ಕೂತಿದ್ದರೆ ಅದಕ್ಕೆ ಬೇರೆ ಪ್ರಮಾಣ ಸೇರಿಸಬೇಕು.

ಬ್ಯೂರೆಟ್

ಸ್ಯಾಂಪಲ್ ಬಗ್ಗೆ. ರಿಪೋರ್ಟ್ ನಂಬಬಹುದಾ ಅಂತ ಮೊದಲು ಹೀಗೆ ನೋಡಿ. ಋಣ ವಿದ್ಯುದಂಶದ ಲವಣಗಳನ್ನ ಮಿಲಿ ಈಕ್ವಿವಲೆಂಟಿಗೆ ತಂದು ಕೂಡಿದರೆ ಇಸಿಯ ಹತ್ತು ಪಟ್ಟಿನ ಹತ್ತಿರ ಬರಬೇಕು: ಕ್ಷಾರತೆ 410÷50 = 8.2, ಕ್ಲೋರೈಡ್ 110÷35.5 = 3.1, ಸಲ್ಫೇಟ್ 38÷48 = 0.8, ನೈಟ್ರೇಟ್ 62÷62 = 1. ಒಟ್ಟು 13.1. ಇಸಿಯನ್ನ 10ರಿಂದ ಗುಣಿಸಿದರೆ 13. ತಾಳೆ ಆಗುತ್ತೆ. ಇವೆರಡೂ ಶೇ 15ಕ್ಕಿಂತ ಜಾಸ್ತಿ ದೂರ ಹೋಗಿದ್ದರೆ ಲ್ಯಾಬಿಗೆ ವಾಪಸ್ ಕಳಿಸಿ ಅಂತಿದ್ದೆ. ನೈಟ್ರೇಟ್ 62 ಅನ್ನೋದು ನೈಟ್ರೇಟಾಗಿಯಾ, ನೈಟ್ರೇಟ್ ಸಾರಜನಕವಾಗಿಯಾ ಅನ್ನೋದೂ ಈ ಲೆಕ್ಕದಲ್ಲೇ ತಿಳಿಯುತ್ತೆ. ಸಾರಜನಕವಾಗಿದ್ದರೆ 4.43 ಪಟ್ಟು ಆಗಿ ತಾಳೆ ತಪ್ಪುತ್ತಿತ್ತು.

ಟ್ಯಾಂಕಿನಲ್ಲಿ ನಿಂತ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೋಗಿ ಪಿಎಚ್ ಏರುತ್ತೆ, ಸ್ವಲ್ಪ ಸುಣ್ಣ ತಳಕ್ಕೆ ಕೂರುತ್ತೆ. ಆಗ ಕ್ಷಾರತೆ, ಗಡಸುತನ ಸಮಸಮನಾಗಿ ಇಳಿಯೋದರಿಂದ ಆರ್‌ಎಸ್‌ಸಿ ಬದಲಾಗಲ್ಲ, ಫ್ಲೋರೈಡೂ ಬದಲಾಗಲ್ಲ. ಹಾಗಾಗಿ ಈಗ ಕೈಗೆ ಬಂದಿರೋದನ್ನ ಬಳಸಿ. ಮುಂದಿನ ಸಲ ಏಪ್ರಿಲ್‌–ಮೇನಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಬೋರಿನ ಬಾಯಿಂದಲೇ ಹಿಡಿಯಿರಿ. ಮೋಟರ್ ಹತ್ತು ನಿಮಿಷ ಓಡಿಸಿ, 1 ಲೀಟರ್ ಪ್ಲಾಸ್ಟಿಕ್ ಬಾಟಲಿಯನ್ನ ಅದೇ ನೀರಲ್ಲಿ ಮೂರು ಸಲ ಜಾಲಾಡಿಸಿ, ಗಾಳಿ ಉಳಿಯದಂತೆ ತುಂಬಿ.

ಬ್ಯಾಕ್ಟೀರಿಯಾ ಬಾಟಲಿಗೆ ನಿಯಮ ಪೂರ್ತಿ ಉಲ್ಟಾ. ಲ್ಯಾಬಿನಿಂದ ತಂದ ಕ್ರಿಮಿಶುದ್ಧ ಬಾಟಲಿ, ಜಾಲಾಡಿಸಲೇ ಬಾರದು, ಮುಚ್ಚಳದ ಒಳಗೆ ಬೆರಳು ತಾಗಬಾರದು, ಕತ್ತಿನ ಹತ್ರ ಒಂದಿಂಚು ಖಾಲಿ ಬಿಡಬೇಕು. ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ಮುಟ್ಟಿಸೋಕೆ ನೋಡಿ, 24 ಗಂಟೆ ದಾಟಿದರೆ ಅದನ್ನ ಲೆಕ್ಕಕ್ಕೆ ಹಿಡಿಯಬೇಡಿ.

ಪಂಚಾಯ್ತಿ ಕಿಟ್ಟಿನ ಎಚ್2ಎಸ್ ಬಾಟಲಿ (ಬ್ಯಾಕ್ಟೀರಿಯಾ ಪರೀಕ್ಷೆಯದು) ಕಪ್ಪಾದರೆ ಮಲದ ಸೋಂಕಿನ ಸೂಚನೆ. ಆದರೆ ನೀರಿಗೇ ಕೊಳೆತ ಮೊಟ್ಟೆ ವಾಸನೆ ಇದ್ದರೆ ಸೋಂಕಿಲ್ಲದೆಯೂ ಕಪ್ಪಾಗುತ್ತೆ.

ಕೆಂಪುಮಣ್ಣು

ಜಿಪ್ಸಂ ಕರಗಿಸಿ ವೆಂಚುರಿಯಲ್ಲೇ (ಡ್ರಿಪ್ ಪೈಪಿಗೆ ಗೊಬ್ಬರದ ನೀರು ಎಳೆಯೋ ಸಾಧನ) ಬಿಡಬಹುದಾ ಸರ್? ಆರ್‌ಓ ಹೊರಗೆ ಬಿಡೋ ನೀರು ದಿನಾ 40 ಲೀಟರ್ ಆಗುತ್ತೆ, ಗಿಡಕ್ಕೆ ಹಾಕೋಣ ಅಂತಿದ್ದೆ.

ಹನಿ_ನೀರಾವರಿ

ವೆಂಚುರಿ ಬೇಡ. ಲೀಟರಿಗೆ 2 ಗ್ರಾಂ ಚಿಲ್ಲರೆ ಮಾತ್ರ ಕರಗೋದು, ಉಳಿದಿದ್ದು ಡ್ರಿಪ್ಪರಲ್ಲಿ ಕೂರುತ್ತೆ. ಡ್ರಿಪ್ಪರ್ ಬಾಯಲ್ಲಿ ಬಿಳಿ ಪುಡಿ ಕಟ್ತಿದ್ದರೆ ಆಮ್ಲ ಬಿಡಿ: ಶೇ 98 ಗಂಧಕಾಮ್ಲ 1000 ಲೀಟರಿಗೆ 27 ಮಿ.ಲೀ. ಹಾಕಿದರೆ 1 ಮಿಲಿ ಈಕ್ವಿವಲೆಂಟ್ ಬೈಕಾರ್ಬೊನೇಟ್ ಹೋಗುತ್ತೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೀರು ಮೊದಲು, ಅದಕ್ಕೆ ಆಮ್ಲ ನಿಧಾನಕ್ಕೆ. ಉಲ್ಟಾ ಮಾಡಿದರೆ ಮುಖಕ್ಕೆ ಸಿಡಿಯುತ್ತೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

ಆರ್‌ಓ ಅರ್ಧ ನೀರು ಕೊಟ್ಟು ಅರ್ಧ ಹೊರಗೆ ಬಿಡ್ತಿದ್ದರೆ ಹೊರಗಿನದರಲ್ಲಿ ಎಲ್ಲವೂ ಹತ್ತಿರಹತ್ತಿರ ದುಪ್ಪಟ್ಟು: ಇಸಿ 2.5, ಆರ್‌ಎಸ್‌ಸಿ 8ರ ಮೇಲೆ. ಅದು ಶೌಚಾಲಯಕ್ಕೆ, ನೆಲ ಒರೆಸೋದಕ್ಕೆ ಸರಿ. ದಾಳಿಂಬೆಗೆ ಬೇಡ, ದನಕ್ಕೆ ಕುಡಿಸೋದೂ ಬೇಡ.