ಹಳೆಯ ಬುಲೆಟ್ಟಿಗೆ ಬೇರೆ ಕ್ಲಚ್ ಕೂರಿಸುವುದು: ಲೇತಿಗೆ ಕೊಡುವ ಮೊದಲು ಏನೇನು ಅಳೆಯಬೇಕು?

ತೀರ್ಥಹಳ್ಳಿ 350

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ತಂದೆಯವರ ಕಾಲದ, 1975ರ ಬುಲೆಟ್ 350 ಇದೆ. ಬಲಗಾಲಿನ ಗೇರು, ನಾಲ್ಕು ಗೇರಿನ ಪೆಟ್ಟಿಗೆ, ಎರಕದ ಕಬ್ಬಿಣದ ಸಿಲಿಂಡರು; ಒಟ್ಟಿನಲ್ಲಿ ಹಳೆಯ ಜೋಡಣೆ ಹಾಗೆಯೇ ಉಳಿದಿದೆ. ಊರೊಳಗೆ ಓಡಿಸುವಾಗ ಯಾವ ತಕರಾರೂ ಇಲ್ಲ. ಆದರೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, ಹಿಂದೆ ಒಬ್ಬರು ಕುಳಿತಿದ್ದರೆ, ಹದಿನಾಲ್ಕು ತಿರುವುಗಳಲ್ಲಿ ಏಳೆಂಟನ್ನು ದಾಟುವಷ್ಟರಲ್ಲಿ ಎಂಜಿನ್ನಿನ ಸದ್ದು ಏರುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿದ ಮೇಲೆ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಕಾಯುವುದು ರೂಢಿಯಾಗಿಬಿಟ್ಟಿದೆ.

ಎರಡು ವರ್ಷದಲ್ಲಿ ಮೂರು ಸಲ ಪ್ಲೇಟು ಬದಲಾಯಿಸಿದ್ದೇನೆ. ಪೇಟೆಯಲ್ಲಿ ಈಗ ಸಿಗುವ ಪ್ಲೇಟುಗಳ ದಪ್ಪ ಒಂದರಂತೆ ಇನ್ನೊಂದು ಇರುವುದಿಲ್ಲ. ಆದ್ದರಿಂದ ಗುಜರಿಯಲ್ಲಿ ಸಿಕ್ಕ, ಈಚಿನ ಕಾಲದ ಚಿಕ್ಕ ಬೈಕೊಂದರ ಕ್ಲಚ್ ಬುಟ್ಟಿ (ಪ್ಲೇಟುಗಳು ಕೂರುವ ಹೊರಚಿಪ್ಪು) ಮತ್ತು ಪ್ಲೇಟುಗಳ ಕಟ್ಟನ್ನು ತಂದಿಟ್ಟುಕೊಂಡಿದ್ದೇನೆ. ಅದರಲ್ಲಿ ಫ್ರಿಕ್ಷನ್ ಪ್ಲೇಟುಗಳು ಐದು; ಹೊರ ವ್ಯಾಸ 112 ಮಿ.ಮೀ., ಒಳ ವ್ಯಾಸ 88 ಮಿ.ಮೀ. ನನ್ನ ಗಾಡಿಯ ಈಗಿನ ಜೋಡಣೆಯಲ್ಲಿ ಉಜ್ಜುವ ಮುಖಗಳು ಆರು, ಅವುಗಳ ಸರಾಸರಿ ತ್ರಿಜ್ಯ ಸುಮಾರು 57 ಮಿ.ಮೀ. ಬುಲೆಟ್ಟಿನ 56 ಹಲ್ಲಿನ ಕ್ಲಚ್ ಸ್ಪ್ರಾಕೆಟ್ಟಿಗೆ (ಚೈನ್ ಕೂರುವ ಹಲ್ಲಿನ ಚಕ್ರಕ್ಕೆ) ಈ ಬುಟ್ಟಿಯನ್ನು ಕೂರಿಸಿ, ಗೇರುಪೆಟ್ಟಿಗೆಯ ಮೇನ್ ಶಾಫ್ಟಿಗೆ ಹೊಂದುವ ಹೊಸ ಹಬ್ಬನ್ನು, ಎಂದರೆ ಪ್ಲೇಟುಗಳನ್ನು ಹೊರುವ ನಡುಭಾಗವನ್ನು, ಲೇತಿನಲ್ಲಿ ಮಾಡಿಸುವ ಯೋಚನೆ ನನ್ನದು. ಚಿಕ್ಕ ಬೈಕಿನ ಪ್ಲೇಟು ಬುಲೆಟ್ಟಿನ ಎಳೆತಕ್ಕೆ ತಡೆಯುತ್ತದೆಯೇ, ಹಬ್ಬಿನ ಒಳ ಸ್ಪ್ಲೈನನ್ನು (ಶಾಫ್ಟನ್ನು ಹಿಡಿಯುವ ಉದ್ದುದ್ದ ಹಲ್ಲುಗಳನ್ನು) ಶಿವಮೊಗ್ಗದಲ್ಲಿಯೇ ಕತ್ತರಿಸಿಕೊಡುವವರು ಇದ್ದಾರೆಯೇ, ಈ ಕೆಲಸವನ್ನು ಮಾಡಿ ನೋಡಿದವರು ಏನು ಹೇಳುತ್ತೀರಿ?

ಆಟೋ ಕಾಂಪ್ಲೆಕ್ಸ್ ಹಳಬ

ಹೊಸ ಕ್ಲಚ್ಚಿನ ಮಾತಿಗೆ ಮೊದಲು ಹಳೆಯದು ಏಕೆ ಜಾರುತ್ತಿದೆ ಎಂಬುದು ತೀರ್ಮಾನವಾಗಲಿ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕುಳಿತು ನಾನು ಬಿಚ್ಚಿರುವ ಬುಲೆಟ್ ಕ್ಲಚ್ಚುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪ್ಲೇಟಿನದು ತಪ್ಪೇ ಇರಲಿಲ್ಲ. ಬಲಬದಿಯ ಕವರಿನೊಳಗೆ ಪುಶ್ ರಾಡಿನ (ಲಿವರ್ ಹಿಡಿದಾಗ ಕ್ಲಚ್ಚನ್ನು ಬಿಡಿಸುವ ಸರಳಿನ) ಅಡ್ಜಸ್ಟರನ್ನು ಬಿಗಿಯಾಗಿ ಕೂರಿಸಿರುತ್ತಾರೆ. ಗಾಡಿ ತಣ್ಣಗಿರುವಾಗ ಸರಿಯಿದ್ದದ್ದು, ಬಿಸಿಯಾಗಿ ರಾಡು ಹಿಗ್ಗಿದ ಮೇಲೆ, ಯಾರೂ ಲಿವರ್ ಹಿಡಿಯದೆಯೇ, ಉಳಿದ ಪ್ಲೇಟುಗಳನ್ನು ಅದುಮಿ ಹಿಡಿಯುವ ಒತ್ತುವ ಪ್ಲೇಟನ್ನು ಕೂದಲೆಳೆಯಷ್ಟು ಎತ್ತಿ ಹಿಡಿದಿರುತ್ತದೆ. ಘಾಟಿಯ ಅರ್ಧದಲ್ಲಿ ಜಾರಲು ಶುರುವಾಗಿ, ಅರ್ಧ ಗಂಟೆ ನಿಂತರೆ ಸರಿಹೋಗುತ್ತದೆ ಎಂಬ ನಿಮ್ಮ ವಿವರ ಇದಕ್ಕೆ ಬಹಳ ಹತ್ತಿರವಾಗಿದೆ.

ಎರಡನೆಯದು ಎಣ್ಣೆ. ಚೈನ್ ಕೇಸಿಗೆ (ಕ್ಲಚ್ಚಿರುವ ಪೆಟ್ಟಿಗೆಗೆ) ಕಾರಿನ ಎಣ್ಣೆ ಸುರಿದಿದ್ದರೆ ತೆಗೆದುಬಿಡಿ. ಇಂಧನ ಉಳಿಸಲೆಂದು ಅದರಲ್ಲಿ ಬೆರೆಸಿರುವ ಜಾರಿಸುವ ರಾಸಾಯನಿಕವು ಪ್ಲೇಟಿಗೆ ಹೀರಿಕೊಂಡ ಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ಡಬ್ಬಿಯ ಮೇಲೆ ಜಾಸೋ ಎಂಎ (ಎಣ್ಣೆಯಲ್ಲಿ ಓಡುವ ಕ್ಲಚ್ಚಿಗೆ ಹೊಂದುವ ಎಣ್ಣೆಯ ಗುರುತು) ಎಂದು ಬರೆದಿರುವ ಎಣ್ಣೆಯನ್ನೇ ಹಾಕಿ. ಮಟ್ಟದ ಸ್ಕ್ರೂ ಇರುವುದು ನೋಡಲಿಕ್ಕೆ, ಅದರ ಮೇಲಕ್ಕೆ ತುಂಬುವುದು ಬೇಡ.

ಕೊಪ್ಪದ ಕಾಫಿ ತೋಟ

ಇಷ್ಟೆಲ್ಲಾ ಕಷ್ಟದ ಬದಲು ಎಂಜಿನ್ನಿನಿಂದ ಕ್ಲಚ್ಚಿಗೆ ಬರುವ ಪ್ರೈಮರಿ ಚೈನನ್ನೇ ತೆಗೆದು ಹಲ್ಲಿನ ಬೆಲ್ಟು ಮತ್ತು ಒಣ ಕ್ಲಚ್ ಹಾಕಿಸಬಹುದಲ್ಲವೇ? ವಿದೇಶಗಳಲ್ಲಿ ಹಳೆಯ ಬ್ರಿಟಿಷ್ ಗಾಡಿಗಳಿಗೆ ಹಾಗೆ ಮಾಡುತ್ತಾರೆ. ಎಣ್ಣೆ ಸೋರುವ ತಾಪತ್ರಯವೂ ತಪ್ಪುತ್ತದೆ.

ಮಾಚೇನಹಳ್ಳಿ ಟರ್ನರ್

ಮೊದಲು ಬೆಲ್ಟಿನ ವಿಷಯ. ಬೆಲ್ಟು ಬಿಸಿಯಾಗದಿರಲು ಕೇಸಿಗೆ ಗಾಳಿಯ ಕಿಂಡಿಗಳನ್ನು ಕೊರೆಯಬೇಕು. ವರ್ಷಕ್ಕೆ ಏಳು ಸಾವಿರ ಮಿ.ಮೀ. ಮಳೆ ಸುರಿಯುವ ಆಗುಂಬೆಯಲ್ಲಿ ಕಿಂಡಿಯ ಮೂಲಕ ನೀರು ಹೋಗಿ ಒಣ ಪ್ಲೇಟಿಗೆ ತಾಗಿದರೆ ಅದು ಒಣ ಕ್ಲಚ್ ಆಗಿ ಉಳಿಯುವುದಿಲ್ಲ. ನಮ್ಮ ಸೀಮೆಗೆ ಎಣ್ಣೆಯ ಕ್ಲಚ್ಚೇ ಸರಿ.

ತೀರ್ಥಹಳ್ಳಿಯವರ ಪ್ರಶ್ನೆಗೆ ಬರುತ್ತೇನೆ. ಹಳಬರು ಹೇಳಿದ ಎರಡನ್ನೂ ಮೊದಲು ನೋಡಿ. ಆಮೇಲೂ ಜಾರಿದರೆ ಈ ಲೆಕ್ಕ ಹಾಕಿ. 350 ಎಂಜಿನ್ನಿನ ಟಾರ್ಕನ್ನು (ತಿರುಗಿಸುವ ಬಲವನ್ನು) ಉದಾರವಾಗಿ 28 ನ್ಯೂಟನ್ ಮೀಟರ್ ಎಂದೇ ಇಟ್ಟುಕೊಳ್ಳೋಣ. ಎಂಜಿನ್ ಸ್ಪ್ರಾಕೆಟ್ಟಿನ 25 ಹಲ್ಲಿನಿಂದ ಕ್ಲಚ್ಚಿನ 56 ಹಲ್ಲಿಗೆ ಬರುವಾಗ ಅದು 2.24 ಪಟ್ಟಾಗಿ ಸುಮಾರು 63 ಆಗುತ್ತದೆ. ಘಾಟಿ, ಇಬ್ಬರು ಸವಾರರು, ಸವೆದ ಪ್ಲೇಟು ಎಲ್ಲಕ್ಕೂ ಸೇರಿಸಿ ಒಂದೂವರೆ ಪಟ್ಟು ಬಿಟ್ಟರೆ, ಕ್ಲಚ್ಚು ಜಾರದೆ ಹಿಡಿಯಬೇಕಾದದ್ದು 94 ನ್ಯೂಟನ್ ಮೀಟರ್. ಈ ಹಿಡಿತ ಬರುವುದು ನಾಲ್ಕು ಸಂಗತಿಗಳ ಗುಣಲಬ್ಧದಿಂದ: ಘರ್ಷಣಾಂಕ, ಸ್ಪ್ರಿಂಗುಗಳ ಒಟ್ಟು ಬಲ, ಉಜ್ಜುವ ಮುಖಗಳ ಸಂಖ್ಯೆ, ಸರಾಸರಿ ತ್ರಿಜ್ಯ. ಎಣ್ಣೆಯಲ್ಲಿ ಓಡುವ ಇಂದಿನ ಕಾಗದದ ಮಾದರಿಯ ಲೈನಿಂಗಿಗೆ ಘರ್ಷಣಾಂಕ 0.12 ಎಂದು ಹಿಡಿದರೆ, ನಿಮ್ಮ ಹಳೆಯ ಆರು ಮುಖಗಳಿಗೆ ಸುಮಾರು 2,290 ನ್ಯೂಟನ್ ಸ್ಪ್ರಿಂಗ್ ಬಲ ಬೇಕು. ಹೊಸ ಕಟ್ಟಿನ ಹತ್ತು ಮುಖಗಳಿಗೆ, ತ್ರಿಜ್ಯ 50 ಮಿ.ಮೀ.ಗೆ ಇಳಿದರೂ, 1,570 ಸಾಕು. ಚಿಕ್ಕ ಪ್ಲೇಟು ತಡೆಯುತ್ತದೆಯೇ ಎಂಬ ನಿಮ್ಮ ಅನುಮಾನಕ್ಕೆ ಇದೇ ಉತ್ತರ. (ಹಳೆಯ ಕಾರ್ಕ್ ಪ್ಲೇಟುಗಳ ಹಿಡಿತ ಎಣ್ಣೆಯಲ್ಲಿ ಇದಕ್ಕಿಂತ ಚೆನ್ನಾಗಿತ್ತು. ಬಿಸಿಗೆ ಕರಕಲಾಗಿ ಉದುರುವುದು ಮಾತ್ರ ಅದರ ದೋಷ.)

ಇಲ್ಲಿಯವರೆಗೆ ಎಲ್ಲರೂ ಲೆಕ್ಕ ಹಾಕುತ್ತಾರೆ, ಸಂತೋಷಪಟ್ಟು ಲೇತಿಗೆ ಓಡಿ ಬರುತ್ತಾರೆ. ಕ್ಲಚ್ಚಿಗೆ ಹಿಡಿಯುವುದು ಎಷ್ಟು ಮುಖ್ಯವೋ ಬಿಡುವುದೂ ಅಷ್ಟೇ ಮುಖ್ಯ ಎಂಬುದು ಗಾಡಿ ಜೋಡಿಸಿ, ಮೊದಲ ಗೇರಿಗೆ ಹಾಕಿದೊಡನೆ ಅದು ಮುಂದಕ್ಕೆ ನೆಗೆದಾಗ ಗೊತ್ತಾಗುತ್ತದೆ. ಒಂದೊಂದು ಮುಖಕ್ಕೂ ಬಿಡಿಸಿಕೊಳ್ಳಲು ಸುಮಾರು 0.15 ಮಿ.ಮೀ. ಜಾಗ ಬೇಕು ಎಂದಿಟ್ಟುಕೊಳ್ಳಿ. ಆರು ಮುಖಕ್ಕೆ 0.9 ಮಿ.ಮೀ. ಲಿಫ್ಟು (ಒತ್ತುವ ಪ್ಲೇಟು ಮೇಲೇಳುವ ದೂರ) ಸಾಕು, ಹತ್ತು ಮುಖಕ್ಕೆ 1.5 ಬೇಕು. ನಿಮ್ಮ ಗೇರುಪೆಟ್ಟಿಗೆಯೊಳಗಿನ ಲಿವರು ಅಷ್ಟು ಕೊಡುತ್ತದೆಯೇ? ಹ್ಯಾಂಡಲಿನ ಲಿವರನ್ನು ಪೂರ್ತಿ ಹಿಡಿದು, ಒತ್ತುವ ಪ್ಲೇಟಿನ ನಡುವಿಗೆ ಡಯಲ್ ಗೇಜು ನಿಲ್ಲಿಸಿ, ಕೇಬಲ್ಲಿನ ಸಡಿಲವನ್ನು ಸರಿಯಾಗಿ ಇಟ್ಟ ಮೇಲೆ ಎಷ್ಟು ಬರುತ್ತದೆಂದು ಅಳೆದು ತಿಳಿಸಿ. ಈ ಒಂದು ಸಂಖ್ಯೆ ಬರದೆ ನಾನು ಲೋಹಕ್ಕೆ ಟೂಲು ತಾಗಿಸುವುದಿಲ್ಲ. ಹಾಗೆಯೇ ಬಿಗಿ ಸ್ಪ್ರಿಂಗ್ ಹಾಕಿ ಮುಗಿಸೋಣವೆಂಬ ಆಸೆಯನ್ನೂ ಬಿಡಿ. ಲಿವರ್ ಹಿಡಿದಷ್ಟು ಹೊತ್ತೂ ಆ ಬಲವೆಲ್ಲ ಪುಶ್ ರಾಡಿನ ತುದಿಗೂ, ಎರಡು ರಾಡುಗಳ ನಡುವಿನ ಗೋಲಿಗೂ, ಮೇನ್ ಶಾಫ್ಟಿನ ಬೇರಿಂಗಿಗೂ ಬೀಳುತ್ತದೆ. ನೀಲಿಗಟ್ಟಿ ಅಣಬೆಯಂತೆ ಅಗಲಗೊಂಡ ರಾಡಿನ ತುದಿಗಳು ನಮ್ಮ ಅಂಗಡಿಯ ಡಬ್ಬಿಯಲ್ಲಿ ಎಷ್ಟೋ ಬಿದ್ದಿವೆ.

ಸ್ಪ್ಲೈನಿಗೆ ವೈರ್ ಕಟ್ಟಿಂಗ್ (ವಿದ್ಯುತ್ ಹರಿಯುವ ತಂತಿಯಿಂದ ಲೋಹ ಕತ್ತರಿಸುವುದು) ಮಾಡಿಸಬಹುದು, ಆದರೆ ಅಗತ್ಯವಿಲ್ಲ. ಸವೆದು ಬಿಸಾಡಿದ ಬುಲೆಟ್ ಕ್ಲಚ್ ಸೆಂಟರೊಂದನ್ನು, ಎಂದರೆ ಹಳೆಯ ಹಬ್ಬನ್ನು, ತನ್ನಿ. ಅದರ ಒಳಗಿನ ಸ್ಪ್ಲೈನನ್ನು ಹಾಗೆಯೇ ಉಳಿಸಿಕೊಂಡು ಹೊರಮೈಯನ್ನು ತಿರುಗಿಸಿ ತೆಗೆದು, ಇಎನ್ 24 ಎಂಬ ಗಟ್ಟಿ ಉಕ್ಕಿನ ಹೊಸ ಬಳೆಯನ್ನು ಬಿಸಿ ಮಾಡಿ ಅದರ ಮೇಲೆ ಇಳಿಸಿ, ಕೂಡುವ ಗೆರೆಯಲ್ಲಿ ಪಿನ್ನುಗಳನ್ನು ಹೊಡೆಯುತ್ತೇನೆ. ಎರಕದ ಸೆಂಟರಾದರೆ ವೆಲ್ಡಿಂಗ್ ಬೇಡವೇ ಬೇಡ. ಮೆತ್ತಗಿನ ಉಕ್ಕಿನಲ್ಲಿ ಮಾಡಿದರೆ ಸ್ಟೀಲ್ ಪ್ಲೇಟಿನ ಹಲ್ಲುಗಳು ಹಬ್ಬಿನ ಮೈಯಲ್ಲಿ ಗುಳಿ ಬೀಳಿಸುತ್ತವೆ, ಆಮೇಲೆ ಪ್ಲೇಟು ಹಿಂದೆಮುಂದೆ ಸರಿಯುವ ಬದಲು ಸಿಕ್ಕಿಕೊಳ್ಳುತ್ತದೆ. ಭದ್ರಾವತಿ ಪಕ್ಕದಲ್ಲಿರುವ ನಮಗೆ ಒಳ್ಳೆಯ ಉಕ್ಕಿನ ತುಂಡಿಗೆ ಬರವಿಲ್ಲ.

ಬುಟ್ಟಿಯನ್ನು ಸ್ಪ್ರಾಕೆಟ್ಟಿಗೆ ಕೂರಿಸುವಾಗ ಬೋಲ್ಟುಗಳನ್ನೇ ನಂಬಿ ಕೇಂದ್ರ ಹಿಡಿಯಬಾರದು. ಬುಟ್ಟಿಯ ತಳಕ್ಕೆ ಲೇತಿನಲ್ಲಿ ಮೆಟ್ಟಿಲಿನಂಥ ಅಂಚು ತಿರುಗಿಸಿ ಅದು ಸ್ಪ್ರಾಕೆಟ್ಟಿನ ಬೋರಿನೊಳಗೆ ಕೂರುವಂತೆ ಮಾಡಬೇಕು. ಬುಟ್ಟಿಯ ಹಿಂದಿನ, ಎಳೆತದ ಕುಲುಕನ್ನು ತಗ್ಗಿಸುವ ಡ್ಯಾಂಪರ್ ಸ್ಪ್ರಿಂಗುಗಳು ಹೋದರೂ ಚಿಂತೆಯಿಲ್ಲ, ಬುಲೆಟ್ಟಿನ ಹಿಂಗಾಲಿಯ ಹಬ್ಬಿನಲ್ಲಿ ರಬ್ಬರುಗಳಿವೆ. ಕೊನೆಯದಾಗಿ, ಮನೆಯಲ್ಲಿ ಚಪಾತಿ ಹಿಟ್ಟು ಕಲಸಿದ ದಿನ ನಿಂಬೆಹಣ್ಣಿನಷ್ಟು ಇಸಿದುಕೊಂಡು ಬನ್ನಿ. ಕಟ್ಟನ್ನು ಒಮ್ಮೆ ಸುಮ್ಮನೆ ಜೋಡಿಸಿ, ಒತ್ತುವ ಪ್ಲೇಟಿನ ಮೇಲೆ ಮೂರು ಕಡೆ ಹಿಟ್ಟಿನ ಉಂಡೆ ಅಂಟಿಸಿ, ಚೈನ್ ಕೇಸಿನ ಕವರನ್ನು ಬಿಗಿದು ಬಿಚ್ಚಿದರೆ ಕವರಿಗೂ ಕ್ಲಚ್ಚಿಗೂ ನಡುವೆ ಉಳಿದ ಜಾಗ ಹಿಟ್ಟಿನ ದಪ್ಪದಲ್ಲಿ ಸಿಗುತ್ತದೆ.

ತೀರ್ಥಹಳ್ಳಿ 350

ಇಬ್ಬರು ಹಿರಿಯರಿಗೂ ಕೃತಜ್ಞತೆಗಳು. ಅಡ್ಜಸ್ಟರು ನಿಜಕ್ಕೂ ಬಿಗಿಯಾಗಿಯೇ ಇತ್ತು. ಸರಿಪಡಿಸಿದ ಮೇಲೆ ಒಬ್ಬನೇ ಘಾಟಿ ಹತ್ತಿದೆ, ಜಾರಲಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಹತ್ತಿದಾಗ ಕೊನೆಯ ಮೂರು ತಿರುವುಗಳಲ್ಲಿ ಮತ್ತೆ ಜಾರಿತು. ಆದ್ದರಿಂದ ಕೆಲಸ ಮುಂದುವರಿಸಲು ನಿರ್ಧರಿಸಿ, ಕಳೆದ ಭಾನುವಾರ ಮಾಚೇನಹಳ್ಳಿಗೇ ಹೋಗಿ ಎಲ್ಲವನ್ನೂ ಅಳೆದೆವು.

ಡಯಲ್ ಗೇಜಿನಲ್ಲಿ ಬಂದ ಲಿಫ್ಟು 1.3 ಮಿ.ಮೀ. ಮಾತ್ರ. ಹಿಟ್ಟಿನ ದಪ್ಪ ಮೂರು ಕಡೆಯೂ ಹೆಚ್ಚುಕಡಿಮೆ 2 ಮಿ.ಮೀ.; ಲಿವರ್ ಹಿಡಿದಾಗ ಪ್ಲೇಟು 1.3 ಹೊರಗೆ ಬಂದರೆ ಕವರಿಗೆ 0.7 ಉಳಿಯುತ್ತದೆ. ಗೇರುಪೆಟ್ಟಿಗೆಯ ಲಿವರನ್ನು ಉದ್ದಗಿಡ್ಡ ಮಾಡಿ ಲಿಫ್ಟು ಹೆಚ್ಚಿಸಿಕೊಳ್ಳುವುದೇ, ಅಥವಾ ಈ ಯೋಚನೆಯನ್ನೇ ಕೈಬಿಡುವುದೇ?

ಮಾಚೇನಹಳ್ಳಿ ಟರ್ನರ್

ಎರಡೂ ಬೇಡ. ಒಂದು ಫ್ರಿಕ್ಷನ್ ಪ್ಲೇಟು, ಒಂದು ಸ್ಟೀಲ್ ಪ್ಲೇಟು ತೆಗೆದುಬಿಡೋಣ. ನಾಲ್ಕು ಪ್ಲೇಟಿಗೆ ಮುಖಗಳು ಎಂಟು. ಬೇಕಾದ ಲಿಫ್ಟು 1.2 ಮಿ.ಮೀ., ನಿಮ್ಮಲ್ಲಿರುವುದು 1.3. ಸ್ಪ್ರಿಂಗ್ ಬಲ 1,960 ನ್ಯೂಟನ್ನಿಗೆ ಏರುತ್ತದೆ ನಿಜ, ಆದರೂ ಹಳೆಯ ಆರು ಮುಖಕ್ಕೆ ಬೇಕಾಗಿದ್ದುದಕ್ಕಿಂತ ಕಡಿಮೆಯೇ. ತೆಗೆದ ಎರಡು ಪ್ಲೇಟುಗಳ ದಪ್ಪ 3 ಮತ್ತು 1.6, ಒಟ್ಟು 4.6 ಮಿ.ಮೀ.; ಹಬ್ಬನ್ನು ಅಷ್ಟೇ ಗಿಡ್ಡವಾಗಿ ತಿರುಗಿಸಿದರೆ ಕವರಿನ ಇಕ್ಕಟ್ಟೂ ಅದರೊಂದಿಗೇ ಪರಿಹಾರವಾಗುತ್ತದೆ. ಕಟ್ಟು ಒಳಕ್ಕೆ ಸರಿಯಿತೆಂದು ಸ್ಪ್ರಾಕೆಟ್ಟನ್ನು ಸರಿಸಬಾರದು. ಎರಡು ಸ್ಪ್ರಾಕೆಟ್ಟುಗಳ ಮುಖಕ್ಕೂ ಒಂದೇ ನೇರ ಪಟ್ಟಿ ತಾಗಬೇಕು.

ನಾಲ್ಕು ಸ್ಪ್ರಿಂಗುಗಳಿರುವುದರಿಂದ ಒಂದೊಂದೂ, ಜೋಡಿಸಿದ ಉದ್ದದಲ್ಲಿ, 50 ಕೆ.ಜಿ. ತೋರಿಸಬೇಕು. ಮನೆಯಲ್ಲಿ ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಅದನ್ನೇ ತನ್ನಿ. ಡ್ರಿಲ್ ಸ್ಟ್ಯಾಂಡಿನ ಕೆಳಗಿಟ್ಟು ಸ್ಪ್ರಿಂಗನ್ನು ಆ ಉದ್ದಕ್ಕೆ ಒತ್ತಿದರೆ ತೂಕ ಕಾಣುತ್ತದೆ. ಮುಖ ದೂರ ಇಟ್ಟುಕೊಳ್ಳಿ, ಜಾರಿದ ಸ್ಪ್ರಿಂಗು ಕಣ್ಣನ್ನೇ ಹುಡುಕುತ್ತದೆ.

ತೀರ್ಥಹಳ್ಳಿ 350

ಕೆಲಸ ಮುಗಿದು ಐದು ವಾರವಾಯಿತು, ಆದ್ದರಿಂದ ವರದಿ ಒಪ್ಪಿಸುತ್ತಿದ್ದೇನೆ. ಸ್ಪ್ರಿಂಗುಗಳು ತಕ್ಕಡಿಯಲ್ಲಿ 46 ಕೆ.ಜಿ. ತೋರಿಸಿದವು, ಪ್ರತಿಯೊಂದರ ಕೆಳಗೂ 1.2 ಮಿ.ಮೀ. ವಾಷರ್ ಇಟ್ಟ ಮೇಲೆ 50 ಮುಟ್ಟಿತು. ಪೂರ್ತಿ ಒತ್ತಿದಾಗ ಸುರುಳಿಗಳು ಒಂದಕ್ಕೊಂದು ತಾಗುವುದಿಲ್ಲವೆಂದು ಫೀಲರ್ ಗೇಜು (ತೆಳು ತಗಡಿನ ಅಳತೆಪಟ್ಟಿ) ತೂರಿಸಿ ನೋಡಿಕೊಂಡೆವು. ತಿರುಗುವಾಗ ಬುಟ್ಟಿಯ ಅಲುಗಾಟ ಮೊದಲ ಸಲ 0.3 ಮಿ.ಮೀ. ಬಂದು, ಮೆಟ್ಟಿಲನ್ನು ಮತ್ತೊಮ್ಮೆ ತಿರುಗಿಸಬೇಕಾಯಿತು; ಈಗ 0.1ರ ಒಳಗಿದೆ.

ಇಬ್ಬರು ಕುಳಿತು, ಹೆಬ್ರಿಯಿಂದ ತಂದ ಒಂದು ಮೂಟೆ ಅಕ್ಕಿಯನ್ನೂ ಕಟ್ಟಿಕೊಂಡು, ಜಡಿಮಳೆಯಲ್ಲಿ ಆಗುಂಬೆಯ ತುದಿಯವರೆಗೆ ಎಲ್ಲಿಯೂ ನಿಲ್ಲಿಸದೆ ಹತ್ತಿದೆ. ಲಿವರು ಮೊದಲಿಗಿಂತ ಹಗುರವಾಗಿದೆ, ಆದರೆ ಪೂರ್ತಿ ಹಿಡಿಕೆಗೆ ತಾಗುವವರೆಗೆ ಎಳೆಯದಿದ್ದರೆ ಬಿಡುವುದಿಲ್ಲ. ಉಳಿದಿರುವ ಲಿಫ್ಟು 0.1 ಮಿ.ಮೀ. ಮಾತ್ರವಾದ್ದರಿಂದ ಕೇಬಲ್ ಸ್ವಲ್ಪ ಹಿಗ್ಗಿದರೂ ಗೊತ್ತಾಗುತ್ತದೆ, ಎರಡು ವಾರಕ್ಕೊಮ್ಮೆ ನೋಡಿಕೊಳ್ಳಬೇಕು. ಬೆಳಗಿನ ಚಳಿಯಲ್ಲಿ ಪ್ಲೇಟುಗಳು ಎಣ್ಣೆಗೆ ಅಂಟಿಕೊಂಡಿರುವುದರಿಂದ, ಎಂಜಿನ್ ಶುರು ಮಾಡುವ ಮೊದಲು ಲಿವರ್ ಹಿಡಿದು ಎರಡು ಸಲ ಕಿಕ್ಕರನ್ನು ತುಳಿಯುತ್ತೇನೆ. ನಿಂತಾಗ ನ್ಯೂಟ್ರಲ್ಲಿಗೆ ಬರಲು ಹಿಮ್ಮಡಿಯ ಕೆಳಗಿನ ಆ ಚಿಕ್ಕ ಲಿವರನ್ನೇ ಇನ್ನೂ ಒತ್ತುತ್ತಿದ್ದೇನೆ. ಈಗ ಅದರ ಅಗತ್ಯ ಅಷ್ಟಾಗಿ ಇಲ್ಲ, ಆದರೆ ಕಾಲು ತಾನಾಗಿಯೇ ಅಲ್ಲಿಗೆ ಹೋಗುತ್ತದೆ.